ಮಕ್ಕಳು ಮತ್ತು ಮೊಬೈಲ್: ದಿನದ ಇಪ್ಪತ್ತನಾಲ್ಕು ಗಂಟೆಗಳ ಜಮಾ-ಖರ್ಚು

ಮುಂಬಯಿಯ ಉಪನಗರಗಳಲ್ಲಿರುವ ಯಾವುದಾದರೊಂದು ಕನ್ನಡ ಮನೆಯ ರಾತ್ರಿ ಎಂಟು ಗಂಟೆಯ ನೋಟವನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಎರಡು ಕೋಣೆಗಳ ಮನೆ. ತಂದೆ ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಪಾರಾಗಿ ಡೊಂಬಿವಲಿ ನಿಲ್ದಾಣದಿಂದ ಈಗಷ್ಟೇ ನಡೆದು ಬಂದಿದ್ದಾರೆ. ತಾಯಿ ಕಚೇರಿಯಿಂದ ಬಂದು ಅರ್ಧ ಗಂಟೆಯಾಗಿದೆ. ಒಲೆಯ ಮೇಲೆ ಕುಕ್ಕರು ಕೂಗುತ್ತಿದೆ. ಧಾರವಾಡದಿಂದ ಬಂದಿರುವ ಅಜ್ಜಿ ಎರಡೂವರೆ ವರ್ಷದ ಮೊಮ್ಮಗನ ಮುಂದೆ ಅನ್ನ ಕಲಸಿಕೊಂಡು ಕುಳಿತಿದ್ದಾರೆ. ಹುಡುಗ ಬಾಯಿ ತೆರೆಯಲೊಲ್ಲ. ರಮಿಸಿ, ಗದರಿಸಿ, ಬೇಸತ್ತು, ಕೊನೆಗೆ ಅಜ್ಜಿ ನೀರಿನ ತಂಬಿಗೆಗೆ ಆನಿಸಿ ಮೊಬೈಲನ್ನು ನಿಲ್ಲಿಸುತ್ತಾರೆ. ಬಣ್ಣದ ಬೊಂಬೆಗಳು ಕುಣಿಯತೊಡಗಿದೊಡನೆ ಬಾಯಿ ತಾನಾಗಿ ತೆರೆಯುತ್ತದೆ. ಏನು ತಿಂದೆನೆಂಬುದು ಹುಡುಗನಿಗೆ ತಿಳಿಯದು. ತಟ್ಟೆ ಖಾಲಿಯಾದುದೊಂದೇ ಅಜ್ಜಿಗೆ ಸಮಾಧಾನ. ಹನ್ನೊಂದು ವರ್ಷದ ಮಗಳು ಮಂಚದ ಮೂಲೆಯಲ್ಲಿ ಇನ್ನೊಂದು ಮೊಬೈಲ್ ಹಿಡಿದಿದ್ದಾಳೆ. ತಂದೆ ಕಾಲು ತೊಳೆಯುವುದಕ್ಕೆ ಮೊದಲೇ ಮೂರನೆಯದನ್ನು ತೆರೆದಿದ್ದಾರೆ. ಗೋಡೆಯ ಮೇಲೆ ಟಿ.ವಿ. ಯಾರೂ ನೋಡದಿದ್ದರೂ ಹಾಡುತ್ತಲೇ ಇದೆ. ಮನೆಯಲ್ಲಿ ಮಾತಿಗೆ ಬರವಿಲ್ಲ. ಆದರೆ ಆ ಮಾತೆಲ್ಲ ಯಂತ್ರಗಳದು.

ಈ ಮನೆಯವರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಮಹಾನಗರದ ಜೀವನವೇ ಇಂತಹುದು. ಮಕ್ಕಳನ್ನು ಹೊರಗೆ ಬಿಡಲು ಅಂಗಳವಿಲ್ಲ. ಇರುವ ಇಷ್ಟು ಜಾಗದಲ್ಲಿ ವಾಹನಗಳು ನಿಂತಿರುತ್ತವೆ. ಪ್ರಯಾಣದಲ್ಲಿಯೇ ದಿನದ ಎರಡು ಮೂರು ಗಂಟೆಗಳು ಕಳೆದುಹೋಗುತ್ತವೆ. ಊರಿನಲ್ಲಾಗಿದ್ದರೆ ಮಗುವನ್ನು ಎತ್ತಿಕೊಳ್ಳಲು ಚಿಕ್ಕಮ್ಮ, ಸೋದರತ್ತೆ, ನೆರೆಮನೆಯವರು ಎಂದು ಹತ್ತು ಕೈಗಳಿದ್ದವು. ಇಲ್ಲಿ ಆ ಹತ್ತು ಕೈಗಳ ಕೆಲಸವನ್ನು ಅಂಗೈಯಗಲದ ಪೆಟ್ಟಿಗೆಯೊಂದು ಮಾಡುತ್ತಿದೆ. ಆದರೆ ಈ ಸಹಾಯ ಪುಕ್ಕಟೆಯಾಗಿ ದೊರೆಯುತ್ತಿಲ್ಲ. ಅದರ ಬೆಲೆ ಎಷ್ಟೆಂಬುದು ಆ ಮನೆಯವರಿಗೆ ಒಂದು ದಿನ ಅರಿವಾಗುತ್ತದೆ. ಹುಡುಗನಿಗೆ ಎರಡೂವರೆ ವರ್ಷ ತುಂಬಿದರೂ ಐದಾರು ಬಿಡಿ ಶಬ್ದಗಳ ಹೊರತು ಮಾತು ಬಂದಿಲ್ಲ. ನೋಡಲು ಬಂದ ಬಂಧುಗಳು ಹೇಳುತ್ತಾರೆ: "ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ, ಮರಾಠಿ, ಮುಂದೆ ಶಾಲೆಯಲ್ಲಿ ಇಂಗ್ಲಿಷು. ಮಗು ಗೊಂದಲಕ್ಕೆ ಬಿದ್ದಿದೆ. ಕನ್ನಡವನ್ನು ಬಿಟ್ಟುಬಿಡಿ." ತಂಬಿಗೆಗೆ ಆನಿಸಿಟ್ಟ ಮೊಬೈಲಿನ ಮೇಲೆ ಯಾರ ದೃಷ್ಟಿಯೂ ಬೀಳುವುದಿಲ್ಲ, ತಪ್ಪೆಲ್ಲ ಅಜ್ಜಿಯ ಭಾಷೆಯ ತಲೆಗೆ ಬರುತ್ತದೆ.

ಮುಗಿಯುತ್ತಿದ್ದ ಪ್ರಸಾರ, ಮುಗಿಯದ ಪ್ರಸಾರ

ಮಕ್ಕಳು ಚಲಿಸುವ ಚಿತ್ರಗಳಿಗೆ ಮನಸೋಲುವುದು ಹೊಸದೇನೂ ಅಲ್ಲ. ಭಾರತದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಆರಂಭವಾಯಿತು. ಮುಂಬಯಿಗೆ ಅದು ಬಂದದ್ದು 1972ರ ಅಕ್ಟೋಬರ್ 2ರಂದು. 1975-76ರಲ್ಲಿ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾಲ ಕಾರ್ಯಕ್ರಮಗಳನ್ನು ಪ್ರಸಾರ ಮಾಡಲಾಯಿತು. ಅವುಗಳಲ್ಲಿ ಕರ್ನಾಟಕದ ಹಳ್ಳಿಗಳೂ ಸೇರಿದ್ದವು. ಬೆಳಗಿನ ವೇಳೆ ಶಾಲಾಮಕ್ಕಳಿಗಾಗಿಯೇ ಮೀಸಲಾಗಿತ್ತು. ಅಂದರೆ ಈ ಮಾಧ್ಯಮ ದೇಶದೊಳಗೆ ಕಾಲಿಟ್ಟದ್ದು ಮಕ್ಕಳ ಶತ್ರುವಾಗಿ ಅಲ್ಲ, ಶಿಕ್ಷಕನಾಗಿ.

ಚಾಳುಗಳಲ್ಲಿ ಬೆಳೆದವರಿಗೆ ಆ ದಿನಗಳ ನೆನಪಿದ್ದೀತು. ಇಡೀ ಮಾಳಿಗೆಗೆ ಒಂದೇ ಪೆಟ್ಟಿಗೆ. ಅದರ ಮುಂದೆ ನೆಲದ ಮೇಲೆ ಒತ್ತೊತ್ತಾಗಿ ಕುಳಿತ ಮಕ್ಕಳು. ಬಾಗಿಲಲ್ಲಿ ನಿಂತ ದೊಡ್ಡವರು. ಆ ನೋಟಕ್ಕೆ ಮೂರು ಮಿತಿಗಳಿದ್ದವು. ಮೊದಲನೆಯದಾಗಿ, ಪ್ರಸಾರಕ್ಕೆ ಒಂದು ಕೊನೆಯಿತ್ತು; ಕಾರ್ಯಕ್ರಮ ಮುಗಿದೊಡನೆ ಮಕ್ಕಳು ಎದ್ದು ಹೋಗುತ್ತಿದ್ದರು. ಎರಡನೆಯದಾಗಿ, ನೋಡುವುದೆಲ್ಲ ಹತ್ತು ಜನರ ಎದುರಿನಲ್ಲಿ ನಡೆಯುತ್ತಿತ್ತು. ಮೂರನೆಯದಾಗಿ, ಪೆಟ್ಟಿಗೆ ಇದ್ದಲ್ಲಿಯೇ ಇರುತ್ತಿತ್ತು. ಅದು ಊಟದ ತಟ್ಟೆಯ ಪಕ್ಕಕ್ಕೂ ಹಾಸಿಗೆಯೊಳಕ್ಕೂ ಬರುತ್ತಿರಲಿಲ್ಲ.

1991ರ ನಂತರ ಬಂದ ಉಪಗ್ರಹ ವಾಹಿನಿಗಳು ಮೊದಲನೆಯ ಮಿತಿಯನ್ನು ಅಳಿಸಿದವು. 2016ರಿಂದೀಚೆಗೆ ಮೊಬೈಲ್ ಡೇಟಾ ಅಗ್ಗವಾದ ಮೇಲೆ ಉಳಿದೆರಡು ಮಿತಿಗಳೂ ಅಳಿದುಹೋದವು. ಈಗ ಒಂದು ಚಿತ್ರ ಮುಗಿಯುವಷ್ಟರಲ್ಲಿ ಮತ್ತೊಂದು ತಾನಾಗಿ ಆರಂಭವಾಗುತ್ತದೆ. ಬೆರಳಿನಿಂದ ಎಷ್ಟು ಸರಿಸಿದರೂ ಪುಟದ ತಳ ಕಾಣುವುದಿಲ್ಲ. ಇದು ಆಕಸ್ಮಿಕವಲ್ಲ, ಶುದ್ಧ ವ್ಯಾಪಾರ. ನೋಡುವವರಿಂದ ಹಣ ಪಡೆಯದ ಕಂಪನಿಗಳು ಅವರ ಗಮನವನ್ನೇ ಸರಕನ್ನಾಗಿ ಮಾಡಿ ಜಾಹೀರಾತುದಾರರಿಗೆ ಮಾರುತ್ತವೆ. ನೋಟದ ಪ್ರತಿಯೊಂದು ನಿಮಿಷವೂ ಅವರ ಖಾತೆಗೆ ಜಮಾ. ಅದೇ ನಿಮಿಷ ಮಗುವಿನ ಖಾತೆಯಲ್ಲಿ ಖರ್ಚು. ಹಿಂದೆ ಪ್ರಸಾರ ಸಂಸ್ಥೆಯೇ ಹಾಕುತ್ತಿದ್ದ ಮಿತಿಯನ್ನು ಇಂದು ಮನೆಯವರೇ ಹಾಕಬೇಕಾಗಿ ಬಂದಿದೆ. ಸಮಸ್ಯೆಯ ತಿರುಳು ಇಷ್ಟೇ.

2020ರ ಮಾರ್ಚ್ ತಿಂಗಳಿನ ಲಾಕ್‌ಡೌನ್ ಇದಕ್ಕೆ ಇನ್ನೊಂದು ತಿರುವು ಕೊಟ್ಟಿತು. ಅದುವರೆಗೆ ಮೊಬೈಲನ್ನು ಕಸಿದುಕೊಳ್ಳುತ್ತಿದ್ದ ತಂದೆತಾಯಿಗಳೇ ಅದನ್ನು ಮಕ್ಕಳ ಕೈಗೆ ಕೊಟ್ಟು ಪಾಠಕ್ಕೆ ಕೂರಿಸಬೇಕಾಯಿತು. ಆ ವರ್ಷದ ಜುಲೈಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಹೊರಡಿಸಿದ ಮಾರ್ಗಸೂಚಿಯು ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಪಾಠಗಳಿಗಿಂತ ಹೆಚ್ಚು ಕೂಡದೆಂದು ಹೇಳಿತ್ತು. ಶಾಲೆಗಳು ತೆರೆದವು; ಆದರೆ ಅನೇಕ ಮನೆಗಳಲ್ಲಿ ಮಕ್ಕಳ ಕೈಗೆ ಹೋದ ಮೊಬೈಲ್ ಹಿಂದಿರುಗಲಿಲ್ಲ.

ಎಳೆಯ ಮಗು ಮತ್ತು ಮಾತು

ಮಗು ಮಾತು ಕಲಿಯುವುದು ಕೇವಲ ಕಿವಿಯಿಂದಲ್ಲ. ಅದು ತಾಯಿಯ ತುಟಿಗಳನ್ನು ನೋಡುತ್ತದೆ. ಅಜ್ಜಿ ಬೆರಳು ತೋರಿಸಿದ ಕಡೆಗೆ ಕಣ್ಣು ತಿರುಗಿಸುತ್ತದೆ. ತಾನು ತೊದಲಿದಾಗ ಎದುರಿನವರು ನಕ್ಕು ಮರುನುಡಿಯುವುದನ್ನು ಕಾಯುತ್ತದೆ. ಈ ಕೊಡುಕೊಳ್ಳುವಿಕೆಯೇ ಭಾಷೆಯ ಬೇರು. ಪರದೆಯ ಬೊಂಬೆ ಮಾತಾಡುತ್ತದೆ, ಆದರೆ ಕೇಳಿಸಿಕೊಳ್ಳುವುದಿಲ್ಲ; ಮಗು ತೊದಲಿದರೂ ಸರಿ, ಅತ್ತರೂ ಸರಿ, ಅದು ತನ್ನ ಪಾಡಿಗೆ ಹಾಡುತ್ತಲೇ ಇರುತ್ತದೆ.

ಇದನ್ನು ಸ್ಪಷ್ಟವಾಗಿ ತೋರಿಸಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರಿಶಿಯಾ ಕೂಲ್ ಮತ್ತು ಸಂಗಡಿಗರು ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಕೆಲವು ಕೂಸುಗಳೊಡನೆ ಚೀನೀ ಮಾತೃಭಾಷೆಯವರು ಎದುರಿಗೆ ಕುಳಿತು 12 ಬಾರಿ ಆಡಿದರು, ಪುಸ್ತಕ ತೋರಿಸಿದರು. ಬೇರೆ ಕೂಸುಗಳಿಗೆ ಅದೇ ಜನರು ಅದೇ ಬಗೆಯಲ್ಲಿ ಮಾತನಾಡಿದ ಚಿತ್ರಮುದ್ರಣವನ್ನು ಟಿ.ವಿ.ಯಲ್ಲಿ ತೋರಿಸಲಾಯಿತು. ಕೊನೆಗೆ ಪರೀಕ್ಷಿಸಿದಾಗ, ಮನುಷ್ಯರೊಡನೆ ಆಡಿದ ಕೂಸುಗಳು ಚೀನೀ ಭಾಷೆಯ ಸೂಕ್ಷ್ಮ ಧ್ವನಿಭೇದವನ್ನು ಗುರುತಿಸಿದವು. ಟಿ.ವಿ. ನೋಡಿದ ಕೂಸುಗಳು ಏನನ್ನೂ ಕಲಿತಿರಲಿಲ್ಲ. ಧ್ವನಿ ಅದೇ, ಮುಖ ಅದೇ. ಇಲ್ಲದಿದ್ದುದು ಎದುರಿನ ಜೀವವೊಂದೇ.

ವೈದ್ಯಸಂಸ್ಥೆಗಳ ಸಲಹೆಯೂ ಇದಕ್ಕೆ ಅನುಗುಣವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಸೂಚನೆಗಳಂತೆ ಒಂದು ವರ್ಷದೊಳಗಿನ ಕೂಸಿಗೆ ಪರದೆಯ ನೋಟ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು, ಕಡಿಮೆಯಾದಷ್ಟೂ ಲೇಸು. ಭಾರತದ ಮಕ್ಕಳ ವೈದ್ಯರ ಸಂಸ್ಥೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಯಾವ ಪರದೆಯೂ ಬೇಡ; ಎರಡರಿಂದ ಐದರವರೆಗೆ ದೊಡ್ಡವರ ಕಣ್ಗಾವಲಿನಲ್ಲಿ ಹೆಚ್ಚೆಂದರೆ ಒಂದು ಗಂಟೆ; ಐದರಿಂದ ಹತ್ತರವರೆಗೆ ಎರಡು ಗಂಟೆಗಳಿಗಿಂತ ಕಡಿಮೆ. ಎಳೆಯ ಮಕ್ಕಳಿಗೂ ಒಂದು ವಿನಾಯಿತಿಯುಂಟು: ದೂರದ ಬಂಧುಗಳೊಡನೆ ಆಗಾಗ ಮುಖ ನೋಡಿ ಮಾತನಾಡುವ ವಿಡಿಯೋ ಕರೆ. ಕಾರಣವೂ ಸ್ಪಷ್ಟವೇ. ಅಲ್ಲಿ ಪರದೆಯ ಹಿಂದೆ ಇರುವುದು ಬೊಂಬೆಯಲ್ಲ, ಮೊಮ್ಮಗುವಿನ ತೊದಲಿಗೆ ಓಗೊಡುವ ಅಜ್ಜ. ಊರು ಬಿಟ್ಟು ಬಂದವರ ಮನೆಗಳಿಗೆ ಈ ವಿನಾಯಿತಿ ಒಂದು ವರದಾನ.

ಇನ್ನು ಆ ಬಂಧುಗಳ ಸಲಹೆಯ ವಿಚಾರ. ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಕೇಳುವುದರಿಂದ ಮಾತು ತಡವಾಗುತ್ತದೆಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಆದರೆ ಅದಕ್ಕೆ ಶಾಸ್ತ್ರೀಯ ಆಧಾರವಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ಮಗು ಕೆಲಕಾಲ ಶಬ್ದಗಳನ್ನು ಬೆರೆಸಬಹುದು. ಒಂದೊಂದು ಭಾಷೆಯಲ್ಲಿ ಶಬ್ದಗಳು ಕೊಂಚ ಕಡಿಮೆ ಎನಿಸಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಕೊರತೆ ಕಾಣುವುದಿಲ್ಲ. ಹೊರನಾಡಿನ ಕನ್ನಡ ಮಗುವಿಗೆ ಹಿಂದಿ, ಮರಾಠಿ, ಇಂಗ್ಲಿಷುಗಳನ್ನು ಕಲಿಸಲು ಬೀದಿಯಿದೆ, ಶಾಲೆಯಿದೆ, ಗೆಳೆಯರ ಗುಂಪಿದೆ. ಕನ್ನಡಕ್ಕೆ ಇರುವುದು ಮನೆಯೊಂದೇ. ಅದೂ ಸಂಜೆಯ ಎರಡು ಗಂಟೆಗಳು. ಆ ಎರಡು ಗಂಟೆಗಳನ್ನು ಪರದೆಗೆ ಒಪ್ಪಿಸಿದರೆ ಮಗು ಕಳೆದುಕೊಳ್ಳುವುದು ಬರಿಯ ಸಮಯವನ್ನಲ್ಲ. ಅಜ್ಜಿಯ ಕಥೆಯನ್ನು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನೇ.

ಹಾಗೆಂದು ಮಾತಿನ ವಿಳಂಬಕ್ಕೆಲ್ಲ ಮೊಬೈಲೇ ಕಾರಣವೆಂದು ತೀರ್ಮಾನಿಸುವುದೂ ಸರಿಯಲ್ಲ. ಕಿವಿಯ ದೋಷವಿರಬಹುದು, ಬೆಳವಣಿಗೆಯ ಬೇರೆ ತೊಡಕುಗಳಿರಬಹುದು. ಎರಡು ವರ್ಷ ತುಂಬುವ ವೇಳೆಗೆ ಮಗು ಎರಡೆರಡು ಶಬ್ದಗಳನ್ನು ಕೂಡಿಸಿ ಹೇಳದಿದ್ದರೆ, ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿದ್ದರೆ, "ನಾಳೆ ಬಂದೀತು" ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು, ಶ್ರವಣಪರೀಕ್ಷೆ ಮಾಡಿಸಬೇಕು. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದಕ್ಕೆಂದೇ ಇರುವ ಸರಕಾರಿ ಸಂಸ್ಥೆಗಳು.

ದಿನದ ಲೆಕ್ಕ

ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲಿ ತಂದೆತಾಯಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ದಿನಕ್ಕೆ ಎಷ್ಟು ಹೊತ್ತು ನೋಡಬಹುದು?" ಈ ಪ್ರಶ್ನೆಯನ್ನು ತಿರುಗಿಸಿ ಕೇಳುವುದು ಹೆಚ್ಚು ಉಪಯುಕ್ತ. ಗೃಹಸ್ಥನು ಸಂಬಳ ಕೈಗೆ ಬಂದೊಡನೆ ಮೊದಲು ಬಾಡಿಗೆ, ದಿನಸಿ, ಶಾಲೆಯ ಶುಲ್ಕಗಳನ್ನು ತೆಗೆದಿಡುತ್ತಾನೆ, ಉಳಿದುದರಲ್ಲಿ ಸಿನೆಮಾ. ಮಗುವಿನ ದಿನಕ್ಕೂ ಇದೇ ಲೆಕ್ಕ ಸಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಹಣಕ್ಕೆ ಮಾತ್ರ ಹೇಳಿದ್ದಲ್ಲ.

ಹನ್ನೊಂದು ವರ್ಷದ ಹುಡುಗಿಯ ದಿನವನ್ನು ತೆಗೆದುಕೊಳ್ಳಬಹುದು. ಜಮಾ 24 ಗಂಟೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆಗಳ ನಿದ್ರೆ ಅಗತ್ಯವೆಂದು ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2016ರಲ್ಲಿ ಹೇಳಿದೆ. ಕನಿಷ್ಠವನ್ನು ಬಿಟ್ಟು ಒಂಬತ್ತೂವರೆ ಗಂಟೆ ಇಟ್ಟುಕೊಳ್ಳಬಹುದು. ಶಾಲೆ, ಹೋಗಿಬರುವ ದಾರಿ ಸೇರಿ ಏಳೂವರೆ. ಸ್ನಾನ, ಊಟ, ತಿಂಡಿಗಳಿಗೆ ಎರಡು. ಮನೆಪಾಠ, ಟ್ಯೂಶನ್ ಎಂದು ಎರಡು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮೈ ಬೆವರುವಂತೆ ಆಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅದಕ್ಕೆ ಒಂದು. ಒಟ್ಟು ಖರ್ಚು 22 ಗಂಟೆ. ಉಳಿದುದು ಎರಡು. ಅದರಲ್ಲಿ ಮನೆಯವರೊಡನೆ ಮಾತು, ಒಂದಿಷ್ಟು ಕನ್ನಡ ಓದು, ತಾಯಿಗೆ ಕೈನೆರವು ಇವಕ್ಕೆ ಒಂದು ಗಂಟೆ ತೆಗೆದಿಟ್ಟರೆ ಪರದೆಗೆ ಉಳಿಯುವುದು ಒಂದು ಗಂಟೆ.

ಆ ಹುಡುಗಿ ದಿನಕ್ಕೆ ನಾಲ್ಕು ಗಂಟೆ ಮೊಬೈಲ್ ನೋಡುತ್ತಿದ್ದರೆ ಮಿಕ್ಕ ಮೂರು ಗಂಟೆಗಳು ಎಲ್ಲಿಂದ ಬಂದವು? ಆಟದಿಂದ ಒಂದು, ಮಾತಿನಿಂದ ಒಂದು, ನಿದ್ರೆಯಿಂದ ಒಂದು. ಇದು ಉಳಿತಾಯದಿಂದ ಮಾಡಿದ ಖರ್ಚಲ್ಲ, ಅಸಲನ್ನೇ ಕರಗಿಸಿದ್ದು. ಹದಿಹರೆಯದವರ ವಿಷಯದಲ್ಲಿ ಭಾರತದ ಮಕ್ಕಳ ವೈದ್ಯರು ಹೇಳುವುದೂ ಇದನ್ನೇ: ಪರದೆಯ ಸಮಯವು ನಿದ್ರೆ, ಆಟ, ಓದು, ಕುಟುಂಬದ ಒಡನಾಟಗಳನ್ನು ಪಕ್ಕಕ್ಕೆ ತಳ್ಳಿದರೆ ಅದು ಮಿತಿ ಮೀರಿತೆಂದು ತಿಳಿಯಬೇಕು. ಒಂದು ವಾರ ಕಾಲ ಗೋಡೆಯ ಕ್ಯಾಲೆಂಡರಿನಲ್ಲಿ ಈ ಲೆಕ್ಕವನ್ನು ಮಗುವಿನ ಕೈಯಿಂದಲೇ ಬರೆಸಿದರೆ ಉಪದೇಶದ ಅಗತ್ಯ ಅರ್ಧ ತಪ್ಪುತ್ತದೆ.

ಕಣ್ಣು, ನಿದ್ರೆ, ಊಟ

ಮನುಷ್ಯನ ಕಣ್ಣು ಸಾಧಾರಣವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತದೆ. ಪರದೆಯನ್ನು ದಿಟ್ಟಿಸುವಾಗ ಈ ಸಂಖ್ಯೆ ಬಹಳ ಇಳಿಯುತ್ತದೆ. ಕಣ್ಣು ಒಣಗಿ ಉರಿಯುತ್ತದೆ. ಅದಕ್ಕಾಗಿ ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡುಗಳ ಕಾಲ ನೋಡಬೇಕೆಂದು ನೇತ್ರವೈದ್ಯರು ಹೇಳುತ್ತಾರೆ. ಇದಕ್ಕಿಂತ ಗಂಭೀರವಾದುದು ಸಮೀಪದೃಷ್ಟಿ, ಅಂದರೆ ದೂರದ ವಸ್ತು ಮಸುಕಾಗುವ ದೋಷ. ದೆಹಲಿಯ ಸುಮಾರು ಹತ್ತು ಸಾವಿರ ಶಾಲಾಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 13.1 ಮಕ್ಕಳಲ್ಲಿ ಈ ದೋಷ ಕಂಡುಬಂದಿತು. ಅದೇ ವರ್ಷ ಚೀನದ ಗ್ವಾಂಗ್‌ಜೌ ನಗರದ ಪ್ರಯೋಗವೊಂದರ ಫಲಿತಾಂಶವೂ ಬಂತು. ಅಲ್ಲಿ ಕೆಲವು ಶಾಲೆಗಳ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯುವಂತೆ ಮಾಡಲಾಗಿತ್ತು. ಮೂರು ವರ್ಷಗಳ ತರುವಾಯ ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿಗೆ ಒಳಗಾದವರು ಶೇಕಡ 30.4, ಉಳಿದ ಶಾಲೆಗಳಲ್ಲಿ ಶೇಕಡ 39.5. ಔಷಧವಿಲ್ಲ, ಶಸ್ತ್ರಕ್ರಿಯೆಯಿಲ್ಲ, ಹಗಲಿನ ಬೆಳಕಷ್ಟೇ. ಕಟ್ಟಡದ ತಾರಸಿಯಾದರೂ ಆಗಲಿ, ರೈಲು ನಿಲ್ದಾಣದ ಪಕ್ಕದ ಪುಟ್ಟ ಉದ್ಯಾನವಾದರೂ ಆಗಲಿ, ದಿನವೂ ಮಗುವನ್ನು ಆಕಾಶದ ಕೆಳಗೆ ನಿಲ್ಲಿಸುವುದು ಕನ್ನಡಕದ ಖರ್ಚಿಗಿಂತ ಅಗ್ಗ.

ಕತ್ತಲಾದೊಡನೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ರಸ ಸ್ರವಿಸಿ ನಿದ್ರೆಗೆ ದಾರಿ ಮಾಡಿಕೊಡುತ್ತದೆ. ಮುಖದೆದುರಿನ ಪರದೆಯ ಬೆಳಕು ಅದನ್ನು ತಡೆಹಿಡಿಯುತ್ತದೆ. ನೋಡಿದ ದೃಶ್ಯಗಳು, ಆಡಿದ ಆಟಗಳು ಮನಸ್ಸನ್ನು ಕೆರಳಿಸಿ ಅದನ್ನು ಇನ್ನಷ್ಟು ಮುಂದೂಡುತ್ತವೆ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಎಲ್ಲ ಪರದೆಗಳೂ ಆರಬೇಕೆಂಬ ಸಲಹೆಗೆ ಇದೇ ಕಾರಣ. ಊಟದ ವಿಷಯವೂ ಹಾಗೆಯೇ. ಹಿಂದೆ ತಾಯಂದಿರು ಚಂದಮಾಮನನ್ನು ತೋರಿಸಿ ತುತ್ತುಣಿಸುತ್ತಿದ್ದರಲ್ಲ ಎಂದು ಕೆಲವರು ವಾದಿಸುವುದುಂಟು. ಚಂದಮಾಮನನ್ನು ತೋರಿಸುವಾಗ ತಾಯಿ ಮಾತನಾಡುತ್ತಿದ್ದಳು, ಮಗು ಉತ್ತರಿಸುತ್ತಿತ್ತು, ಸಾಕೆನಿಸಿದಾಗ ಮುಖ ತಿರುಗಿಸುತ್ತಿತ್ತು. ಮೊಬೈಲ್ ನೋಡುತ್ತ ಉಣ್ಣುವ ಮಗುವಿಗೆ ಹಸಿವೂ ತಿಳಿಯದು, ಹೊಟ್ಟೆ ತುಂಬಿದ್ದೂ ತಿಳಿಯದು. ಕೆಲವರು ಅತಿಯಾಗಿ ತಿನ್ನುತ್ತಾರೆ. ಕೆಲವರು ಪರದೆಯಿಲ್ಲದೆ ತುತ್ತನ್ನೇ ಮುಟ್ಟದಂತಾಗುತ್ತಾರೆ.

ಮನೆಯ ಕಟ್ಟಳೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಅಭ್ಯಾಸಗಳನ್ನು ಚಿಕ್ಕಂದಿನಲ್ಲಿಯೇ ರೂಢಿಸುವುದು ಸುಲಭ. ಕಟ್ಟಳೆಗಳು ಕೆಲವೇ ಇರಲಿ, ಆದರೆ ದಿನವೂ ನಡೆಯಲಿ.

ಕಾಲದ ಕಟ್ಟಳೆಗಿಂತ ಸ್ಥಳದ ಕಟ್ಟಳೆ ಪಾಲಿಸಲು ಸುಲಭ. ಊಟದ ಹೊತ್ತಿನಲ್ಲಿ ಯಾರ ಮೊಬೈಲೂ ಹತ್ತಿರ ಬಾರದಿರಲಿ. ಎರಡೇ ಕೋಣೆಗಳ ಮನೆಯಾದರೂ ಬಾಗಿಲ ಬಳಿಯ ಕಪಾಟಿನಲ್ಲಿ ಒಂದು ಬುಟ್ಟಿಯಿಟ್ಟು, ರಾತ್ರಿ ಒಂಬತ್ತರ ನಂತರ ಎಲ್ಲ ಮೊಬೈಲುಗಳೂ ಅಲ್ಲಿಯೇ ಚಾರ್ಜ್ ಆಗಲಿ. ಬೆಳಿಗ್ಗೆ ಎಬ್ಬಿಸುವ ಗಂಟೆ ಬೇಕಾದರೆ ನೂರಿನ್ನೂರು ರೂಪಾಯಿಗೆ ಅಲಾರಂ ಗಡಿಯಾರ ದೊರೆಯುತ್ತದೆ.

ನೋಡುವುದನ್ನು ಸಾಧ್ಯವಾದಷ್ಟೂ ಎಲ್ಲರೆದುರಿಗೆ, ದೊಡ್ಡ ಪರದೆಯಲ್ಲಿ, ಜೊತೆಗೆ ಕುಳಿತು ನೋಡುವುದು ಮೇಲು. ಅಜ್ಜನ ಪಕ್ಕದಲ್ಲಿ ಕುಳಿತು ಯಕ್ಷಗಾನದ ಒಂದು ಪ್ರಸಂಗವನ್ನು ನೋಡಿ, "ಈಗ ಬಂದವನು ಯಾರು? ಅವನಿಗೇಕೆ ಕೋಪ?" ಎಂದು ಕೇಳಿದ ಹುಡುಗ ಅರ್ಧ ಗಂಟೆ ಪರದೆಯನ್ನು ನೋಡಿದ್ದಾನೆ, ನಿಜ, ಅರ್ಧ ಗಂಟೆ ಕನ್ನಡವನ್ನೂ ಆಡಿದ್ದಾನೆ. ಒಂದು ಚಿತ್ರ ಮುಗಿದೊಡನೆ ಮತ್ತೊಂದು ತಾನಾಗಿ ಬರುವ ವ್ಯವಸ್ಥೆಯನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಪ್ರಸಾರಕ್ಕೆ ಹಿಂದಿದ್ದ ಕೊನೆಯನ್ನು ಹೀಗೆ ಮರಳಿ ತಂದಂತಾಗುತ್ತದೆ. "ಈ ಒಂದು ಮುಗಿದ ಮೇಲೆ ಏಳಬೇಕು" ಎಂದು ಮೊದಲೇ ಹೇಳಿ ನಿಲ್ಲಿಸುವುದು ನಡುವೆ ಕಸಿದುಕೊಳ್ಳುವುದಕ್ಕಿಂತ ಉತ್ತಮ. ಅತ್ತೊಡನೆ ಮೊಬೈಲ್ ಕೊಡುವ ಪದ್ಧತಿಯನ್ನಂತೂ ಬಿಡಲೇಬೇಕು. ಅದು ಅಳುವನ್ನು ನಿಲ್ಲಿಸುವುದಿಲ್ಲ. ಅತ್ತರೆ ದೊರೆಯುತ್ತದೆಂದು ಕಲಿಸುತ್ತದೆ.

ಹದಿಹರೆಯಕ್ಕೆ ಕಾಲಿಡುವ ಮಕ್ಕಳ ಮೇಲೆ ಆಜ್ಞೆ ನಡೆಯದು. ಅವರೊಡನೆ ಕುಳಿತು ಒಪ್ಪಂದ ಮಾಡಿಕೊಳ್ಳಬೇಕು. ಶಾಲೆಯ ವಾಟ್ಸಾಪ್ ಗುಂಪು, ಗೆಳತಿಯರ ಮಾತುಕತೆ ಅವರಿಗೆ ನಿಜವಾಗಿಯೂ ಬೇಕಾದ ಸಂಗತಿಗಳು. ಪೂರ್ತಿ ನಿಷೇಧಿಸಿದರೆ ಕದ್ದು ನೋಡುವುದನ್ನು ಕಲಿಸಿದಂತಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನೂಲಿನಂತೆ ಸೀರೆ. ತಂದೆ ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಮಗಳಿಗೆ ಬೇಡವೆಂದರೆ ಅವಳು ಕೇಳುವುದು ಅವನ ಮಾತನ್ನಲ್ಲ, ನೋಡುವುದು ಅವನ ಕೈಯನ್ನು.

ಹಣ ಮತ್ತು ಅಪರಿಚಿತರು

ಮೊಬೈಲ್ ಇಂದು ಆಟದ ಸಾಮಾನು ಮಾತ್ರವಲ್ಲ, ಮನೆಯ ಹಣದ ಪೆಟ್ಟಿಗೆಯೂ ಹೌದು. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಉಳಿತಾಯ ಖಾತೆಯ ಕೀಲಿ ಕೈಯೇ ಅದರೊಳಗಿದೆ. ಕಬ್ಬಿಣದ ಪೆಟ್ಟಿಗೆಯ ಕೀಲಿಯನ್ನು ಮಗುವಿನ ಕೈಗೆ ಆಡಲು ಕೊಡದವರೂ ಯು.ಪಿ.ಐ. ಪಿನ್ನನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿರುವುದುಂಟು. ಅನೇಕ ಆಟಗಳು ಮೊದಲು ಪುಕ್ಕಟೆಯಾಗಿದ್ದು, ಮುಂದೆ ಆಯುಧ, ವೇಷ, ನಾಣ್ಯಗಳೆಂದು ಹಣ ಕೇಳುತ್ತವೆ. ಮಗುವಿಗೆ ಅದು ಆಟದ ನಾಣ್ಯ. ಹೋಗುವುದು ತಂದೆಯ ಸಂಬಳ. ಕಾರ್ಡಿನ ವಿವರಗಳನ್ನು ಆಟದ ಖಾತೆಯಲ್ಲಿ ಉಳಿಸದಿರುವುದು, ಪ್ರತಿ ಖರೀದಿಗೂ ಪಾಸ್‌ವರ್ಡ್ ಬೇಕೆಂದು ಗೊತ್ತುಪಡಿಸುವುದು, ಪಿನ್ ಮತ್ತು ಓ.ಟಿ.ಪಿ.ಗಳನ್ನು ಮಕ್ಕಳಿಗೂ ತಿಳಿಸದಿರುವುದು, ಬ್ಯಾಂಕಿನ ಸಂದೇಶಗಳನ್ನು ಅಂದಂದೇ ಓದುವುದು ಇವಿಷ್ಟು ಮುನ್ನೆಚ್ಚರಿಕೆಗಳು ಸಾಕು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದೆ. ಮೋಸ ನಡೆದುದು ತಿಳಿದೊಡನೆ ಬ್ಯಾಂಕಿಗೂ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೂ ತಿಳಿಸಬೇಕು. ತಡಮಾಡಿದಷ್ಟೂ ಹಣ ಮರಳುವ ಸಂಭವ ಕುಗ್ಗುತ್ತದೆ.

ಹಣಕ್ಕಿಂತ ದೊಡ್ಡ ನಷ್ಟಗಳೂ ಇವೆ. ಗೆಳೆಯನ ಸೋಗಿನಲ್ಲಿ ಬರುವ ಅಪರಿಚಿತರು ಮೊದಲು ಹೊಗಳುತ್ತಾರೆ, ಆಮೇಲೆ ಭಾವಚಿತ್ರ ಕೇಳುತ್ತಾರೆ, ಕೊನೆಗೆ ಬೆದರಿಸುತ್ತಾರೆ. ಇಂತಹ ಸಮಯದಲ್ಲಿ ಮಗುವನ್ನು ಕಾಪಾಡುವುದು ಯಾವ ಯಂತ್ರವೂ ಅಲ್ಲ. "ತಪ್ಪಾಗಿದೆ ಎಂದು ಹೇಳಿದರೂ ಮನೆಯಲ್ಲಿ ಬಯ್ಯುವುದಿಲ್ಲ" ಎಂಬ ಭರವಸೆ. ಮೊಬೈಲ್ ಕಸಿದುಕೊಂಡಾರೆಂಬ ಭಯದಿಂದಲೇ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ಸಹಾಯವಾಣಿ ಇದೆಯೆಂಬುದು ಅವರಿಗೆ ತಿಳಿದಿರಲಿ.

ಮಿತಿ ಮೀರಿದಾಗ

ಅತಿಯಾದರೆ ಅಮೃತವೂ ವಿಷ. ಆಟವನ್ನು ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಉಳಿದೆಲ್ಲ ಆಸಕ್ತಿಗಳೂ ಅದರ ಹಿಂದೆ ಸರಿಯುವುದು, ಓದು, ಆರೋಗ್ಯ, ಸಂಬಂಧಗಳು ಕೆಡುತ್ತಿದ್ದರೂ ಮುಂದುವರಿಯುವುದು: ಈ ಮೂರು ಲಕ್ಷಣಗಳು ಸಾಮಾನ್ಯವಾಗಿ ಒಂದು ವರ್ಷ ಕಾಲ ಕಂಡುಬಂದರೆ ಅದನ್ನು ಗೇಮಿಂಗ್ ವ್ಯಾಧಿ ಎಂದು ಗುರುತಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಹೇಳುತ್ತದೆ. ಆ ವರ್ಗೀಕರಣ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ಇಂತಹವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆ 14416 ಎಂಬ ಸಂಖ್ಯೆಯಲ್ಲಿ ಹಲವು ಭಾರತೀಯ ಭಾಷೆಗಳಲ್ಲಿ ಪುಕ್ಕಟೆ ಸಲಹೆ ನೀಡುತ್ತದೆ. ಇಂತಹ ಸಹಾಯ ಪಡೆಯುವುದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ. ಆದರೆ ಹೆಚ್ಚಿನ ಮಕ್ಕಳದು ವ್ಯಾಧಿಯಲ್ಲ, ಅಭ್ಯಾಸ. ಅಭ್ಯಾಸವನ್ನು ಅಭ್ಯಾಸದಿಂದಲೇ ಬದಲಿಸಬಹುದು.

ಡೊಂಬಿವಲಿಯ ಆ ಮನೆ ಹಾಗೆಯೇ ಮಾಡಿತೆಂದು ಭಾವಿಸಬಹುದು. ಮೊದಲು ಹುಡುಗನ ಶ್ರವಣಪರೀಕ್ಷೆ ಆಯಿತು, ಕಿವಿ ಸರಿಯಾಗಿತ್ತು. ವೈದ್ಯರು ಅಜ್ಜಿಯ ಕನ್ನಡವನ್ನು ನಿಲ್ಲಿಸಲು ಹೇಳಲಿಲ್ಲ, ಮೊಬೈಲನ್ನು ನಿಲ್ಲಿಸಲು ಹೇಳಿದರು. ಮೊದಲ ವಾರ ಕಠಿನವಾಗಿತ್ತು. ಹುಡುಗ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಹಸಿದು ತಾನಾಗಿ ಉಂಡ. ತಂದೆಯ ಮೊಬೈಲೂ ಬುಟ್ಟಿಗೆ ಬಿತ್ತು. ಅದು ಎಲ್ಲಕ್ಕಿಂತ ಕಠಿನವಾಗಿತ್ತು. ಮಗಳು ಒಂದು ಗಂಟೆಯ ಲೆಕ್ಕವನ್ನು ಒಪ್ಪಿಕೊಳ್ಳುವ ಮೊದಲು ತಂದೆಯ ಲೆಕ್ಕವನ್ನೂ ಕೇಳಿದಳು. ಅವರು ಕ್ಯಾಲೆಂಡರಿನಲ್ಲಿ ತಮ್ಮದನ್ನೂ ಬರೆಯಬೇಕಾಯಿತು. ಭಾನುವಾರದ ವಿಡಿಯೋ ಕರೆ ಮಾತ್ರ ಹಾಗೆಯೇ ಉಳಿಯಿತು. ಧಾರವಾಡದ ಅಜ್ಜ ಅದಕ್ಕಾಗಿ ಬೆಳಗಿನಿಂದಲೇ ಕಾಯುತ್ತಿದ್ದರು.

ಈಗ ಅಜ್ಜಿ ತಟ್ಟೆ ಹಿಡಿದು ಕಿಟಕಿಯ ಬಳಿ ಕೂರುತ್ತಾರೆ. ಅಲ್ಲಿಂದ ಚಂದ್ರ ಕಾಣುವುದು ತಿಂಗಳಿಗೆ ನಾಲ್ಕು ದಿನವಾದರೂ ಲೋಕಲ್ ಗಾಡಿ ದಿನವೂ ಕಾಣುತ್ತದೆ. ಪ್ರತಿ ಗಾಡಿಗೆ ಒಂದು ತುತ್ತು. "ಗಾಡಿ ಎಲ್ಲಿ ಹೊಂಟತೋ?" ಎಂದು ಅಜ್ಜಿ ಕೇಳುತ್ತಾರೆ, ಉತ್ತರವನ್ನೂ ತಾವೇ ಹೇಳುತ್ತಾರೆ. ಮೂರನೆಯ ತಿಂಗಳಿನ ಒಂದು ಸಂಜೆ ಗಾಡಿ ತಡವಾಯಿತು. ಹುಡುಗ ಸ್ವಲ್ಪ ಹೊತ್ತು ಕಾದು, ಅಜ್ಜಿಯ ಕಡೆಗೆ ತಿರುಗಿ, "ಅಜ್ಜಿ, ಗಾಡಿ ಇಲ್ಲ" ಎಂದ. ಒಲೆಯ ಮುಂದಿದ್ದ ತಾಯಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಬಂದು ನಿಂತಳು. ಮೂರು ಶಬ್ದಗಳು, ಮೂರೂ ಕನ್ನಡ.